ಬೀಗರಕ್ಷರ

ಆ ಅಕ್ಷರಗಳಿಗೆ ಬೀಗರು ಎಂದು ಹೆಸರಿಟ್ಟವಳು ಅತ್ತಿಗೆ. ಐವತ್ತು ವರ್ಷದ ಹಿಂದೆ ಅವಳ ಗಂಡ ಎಲ್ಲೋ ಮುಚ್ಚಿಹೋದ ಅಚ್ಚುಕೂಟವೊಂದರಿಂದ ಒಂದು ಮರದ ಪೆಟ್ಟಿಗೆ ಹೊರಿಸಿಕೊಂಡು ಬಂದಿದ್ದ. ಹಜಾರದಲ್ಲಿ ಹಳೇ ಪತ್ರಿಕೆ ಹಾಸಿ ಒಂದೊಂದೇ ಅಕ್ಷರ ಒರೆಸಿ ಸಾಲಾಗಿ ಇಡುತ್ತಿದ್ದಾಗ ಅವಳು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅಂಗೈಗಿಂತ ದೊಡ್ಡ ಅಕ್ಷರಗಳು, ಗಟ್ಟಿ ಮರದಲ್ಲಿ ಕೊರೆದವು. ಹೊಟ್ಟೆ ಇಷ್ಟು ದಪ್ಪ. ಆ ಹೊಟ್ಟೆಯನ್ನು ತಲೆಗೆ ಸೇರಿಸುವ ಕುತ್ತಿಗೆ ಮಾತ್ರ ದಾರದಷ್ಟು ಸಣ್ಣ. ತಲೆಕಟ್ಟಿನ ತುದಿ ತಿರುವಿದ ಮೀಸೆಯ ಹಾಗೆ ಮೇಲೆದ್ದಿತ್ತು. ಎಲ್ಲೆಲ್ಲಿ ಗೆರೆ ಮುಗಿಯುತ್ತಿತ್ತೋ ಅಲ್ಲೆಲ್ಲ ಬೂಟು ತೊಡಿಸಿದ ಹಾಗೆ ಒಂದು ಚಪ್ಪಟೆ ಪಾದ.

"ಥೇಟ್ ಬೀಗರು ಬಂದು ಕೂತಂಗಿದೆ," ಎಂದಳು. "ಮೂರು ಜನ ಬಂದ್ರೆ ಹಜಾರ ತುಂಬಿಹೋಯ್ತು. ಮೀಸೆ ನೋಡು, ಮೀಸೆ!"

ಹೆಸರು ನಿಂತುಬಿಟ್ಟಿತು. ನಿಲ್ಲದೆ ಏನು, ಗುಣವೂ ಬೀಗರದೇ. ಒಂದು ಸಾಲಿನಲ್ಲಿ ಐದಾರು ಜನಕ್ಕಿಂತ ಹೆಚ್ಚು ಕೂರುವವರಲ್ಲ. ಪಕ್ಕದಲ್ಲಿ ಬಡ ನೆಂಟರನ್ನು ಕೂರಿಸಿದರೆ ಆಗದು, ಸಣ್ಣಕ್ಷರ ಏನಿದ್ದರೂ ಕೆಳಗಿನ ಸಾಲಿಗೆ. ಹೊರಗೆ ಕರೆಯುವ ಮುಂಚೆ ಒರೆಸಬೇಕು, ಒಳಗೆ ಕಳಿಸುವ ಮುಂಚೆ ಮತ್ತೆ ಒರೆಸಬೇಕು.

ಈ ಒರೆಸುವ ಕೆಲಸ ಮರುದಿನದಿಂದಲೇ ಚಿಕ್ಕಪ್ಪನದು. ಆಗಿನ್ನೂ ಅವನು ಯಾರಿಗೂ ಚಿಕ್ಕಪ್ಪ ಆಗಿರಲಿಲ್ಲ. ಅಣ್ಣನ, ಅಂದರೆ ಅತ್ತಿಗೆಯ ಗಂಡನ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಹತ್ತೊಂಬತ್ತರ ತಮ್ಮ. ಸೀಸದ ಅಕ್ಷರಗಳಿಗೆ ಮೊಳೆ ಅನ್ನುವುದು ವಾಡಿಕೆ. ಆಮೇಲೆ ಅಣ್ಣನ ಮಗ ಹುಟ್ಟಿ, ಬಾಯಿ ಬಂದು, ಚಿಕ್ಕಪ್ಪ ಎಂದು ಕರೆದ ಮೇಲೆ ಇಡೀ ಊರೇ ಹಾಗೆ ಕರೆಯತೊಡಗಿತು. ಶಾಲೆಗೆ ಅವನು ಹೋಗಿದ್ದು ಮೂರು ವರ್ಷ. ಅಚ್ಚಿನ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿರುವುದರಿಂದ, ಐವತ್ತು ವರ್ಷ ಅದನ್ನೇ ನೋಡಿ ನೋಡಿ, ನೆಟ್ಟಗಿರುವ ಬರಹ ಓದಬೇಕಾದರೆ ಅವನಿಗೆ ತುಸು ತಡವಾಗುತ್ತಿತ್ತು. ಪತ್ರಿಕೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ಓದುವುದೇ ಸಲೀಸು.

ಬೀಗರು ಬಂದ ಹೊಸದರಲ್ಲಿ ನಾಟಕದ ಕಂಪನಿಗೆ, ಸರ್ಕಸ್ಸಿಗೆ, ಹರಾಜಿನವರಿಗೆ ದುಡಿದರು. "ಬಂದಿದೆ", "ಇಂದೇ ಕೊನೆ", "ಆನೆ". ಹೀಗೆ ಎರಡು ವರ್ಷ. ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಯಜಮಾನರು ತೀರಿಕೊಂಡರು. ಅವತ್ತು ಅಚ್ಚುಕೂಟದ ಸಣ್ಣ ಮೊಳೆಯೆಲ್ಲ ಯಾವುದೋ ಸಂಘದ ಸದಸ್ಯರ ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು. ಕೈ ಖಾಲಿ ಇದ್ದವರೆಂದರೆ ಬೀಗರೇ. ಚಿಕ್ಕಪ್ಪ ಬೇರೆ ದಾರಿ ಕಾಣದೆ ಗಿರಣಿಯವರ ಹೆಸರನ್ನು ಬೀಗರಲ್ಲಿ ಜೋಡಿಸಿ, ಸುತ್ತ ಕಪ್ಪು ಗೆರೆ ಕಟ್ಟಿ, ಕೆಳಗೆ ಅಳಿದುಳಿದ ಮೊಳೆಯಲ್ಲಿ ಎರಡು ಸಾಲು ಸೇರಿಸಿ ಅಚ್ಚು ಹಾಕಿಕೊಟ್ಟ. ಸಂತೆಯ ಮೂಲೆಯಲ್ಲಿ ಅಂಟಿಸಿದ ಆ ಕಾಗದ ಬಸ್ಸು ನಿಲ್ಲುವ ಜಾಗದವರೆಗೂ ಕಂಡಿತು. ಊರು ಊರೇ ನಿಂತು ನೋಡಿತು.

ಮುಂದಿನ ವಾರ ಇನ್ನೊಬ್ಬರ ಮಗ ಬಂದ. "ಗಿರಣಿಯವ್ರಿಗೆ ಆ ಅಕ್ಷರ, ನಮ್ಮಪ್ಪನಿಗೆ ಮಾತ್ರ ಇರುವೆ ಸಾಲಾ?" ಎಂದು ಕೇಳಿದ. ಅಲ್ಲಿಂದ ಶುರು. ಬೀಗರಲ್ಲಿ ಹೆಸರು ಬಾರದೆ ಸತ್ತವರು ಸರಿಯಾಗಿ ಸತ್ತಂತೆ ಅಲ್ಲ ಅನ್ನುವ ಮಟ್ಟಕ್ಕೆ ಹೋಯಿತು. ಸರ್ಕಸ್ಸಿನವನು ಮುಂದಿನ ಬಾರಿ ಬಂದಾಗ ಕೈ ಮುಗಿದ: "ಆ ಅಕ್ಷರ ಬೇಡ ಸ್ವಾಮಿ. ಹೋದ ಸಲ ಆನೆ ಯಾವಾಗ ತೀರ್ಕೊಳ್ತು ಅಂತ ಕೇಳಿದ್ರು."

ಕಾಲ ಸರಿದಂತೆ ಊರಿನವರಿಗೆ ಆ ಕಾಗದದ ಹತ್ತಿರ ಹೋಗುವ ಅಭ್ಯಾಸವೂ ತಪ್ಪಿತು. ಹತ್ತಿರ ಹೋಗಿ ಓದುವುದಕ್ಕೆ ಏನಿದೆ? ಕೆಳಗಿನ ಸಾಲು ಯಾವಾಗಲೂ ಅದೇ. ದೂರದಿಂದ ಹೆಸರು ಕಂಡರೆ ಸಾಕು, ಸೈಕಲ್ಲಿನವನು ಸೈಕಲ್ಲಿನ ಮೇಲಿಂದಲೇ ನೋಡಿ, ಮನೆಗೆ ಹೋಗಿ ಬಟ್ಟೆ ಬದಲಿಸಿ, ನೇರ ಆ ಮನೆಗೆ ಹೋಗುತ್ತಿದ್ದ.

ಇಪ್ಪತ್ತು ವರ್ಷದ ಹಿಂದೆ ಅಣ್ಣ ಹೋದ. ಅವನ ಹೆಸರನ್ನೂ ಚಿಕ್ಕಪ್ಪನೇ ಜೋಡಿಸಿದ. ಮೊದಲ ಕಾಗದವನ್ನು ಮಸಿ ಆರುವ ಮುಂಚೆ ಅತ್ತಿಗೆಗೆ ತೋರಿಸಿದಾಗ ಅವಳು ಅಳು ನಿಲ್ಲಿಸಿ ತುಂಬ ಹೊತ್ತು ನೋಡಿದಳು.

"ಚೆನ್ನಾಗಿ ಬಂದಿದೆ," ಎಂದಳು. "ಬದುಕಿದ್ದಾಗ ಇಷ್ಟು ನೆಟ್ಟಗೆ ಒಂದಿನ ನಿಂತವರಲ್ಲ. ಮೈದುನಾ, ನಂದೂ ಇದ್ರಲ್ಲೇ ಆಗ್ಬೇಕು. ನಿನ್ ಕೈಯಿಂದ್ಲೇ. ಮಾತು ಕೊಡು."

"ಆಯ್ತು ಅತ್ತಿಗೆ," ಎಂದ ಚಿಕ್ಕಪ್ಪ.

ಅವನು ಜೀವನದಲ್ಲಿ ಕೊಟ್ಟ ಮಾತುಗಳು ಕಡಿಮೆ. ಕೊಟ್ಟದ್ದರಿಂದ ತಪ್ಪಿಸಿಕೊಳ್ಳುವ ಜಾಣತನ ಅದಕ್ಕಿಂತ ಕಡಿಮೆ.

ಈಗ ಅಚ್ಚುಕೂಟ ಅಣ್ಣನ ಮಗನದು. ಕಂಪ್ಯೂಟರು ಬಂದಿತ್ತು, ಫ್ಲೆಕ್ಸ್ ಬಂದಿತ್ತು. ಸತ್ತವರು ಬಣ್ಣದ ಫೋಟೋದಲ್ಲಿ, ಮೋಡದ ನಡುವೆ, ಬದುಕಿದ್ದಾಗಿನದಕ್ಕಿಂತ ಬೆಳ್ಳಗೆ ನಗುತ್ತಿದ್ದರು. ಬೀಗರನ್ನು ಕೇಳಿಕೊಂಡು ಯಾರೂ ಬಾರದೆ ಎಂಟು ತಿಂಗಳಾಗಿತ್ತು. ಒಂದು ಬೆಳಗ್ಗೆ ಅಣ್ಣನ ಮಗ ಟೇಪು ಹಿಡಿದು ಬೀಗರ ಕಪಾಟಿನ ಅಗಲ ಅಳೆಯುತ್ತಿದ್ದ.

"ಇಲ್ಲಿಗೆ ಜೆರಾಕ್ಸ್ ಮಿಷನ್ನು ಸರಿಯಾಗಿ ಕೂರುತ್ತೆ ಚಿಕ್ಕಪ್ಪ," ಎಂದ. "ಎದುರಿನ ಟೀ ಅಂಗಡಿಯೋರು ಈ ಅಕ್ಷರ ಕೇಳ್ತಿದಾರೆ. ಗೋಡೆಗೆ ಹೊಡೀತಾರಂತೆ, ಅಂದಕ್ಕೆ."

"ಅಂದಕ್ಕಾ?"

"ಹೂಂ. ಹಳೇದು ಅಂದ್ರೆ ಈಗ ಜನಕ್ಕೆ ಇಷ್ಟ."

"ಹಂಗಾದ್ರೆ ನನ್ನೂ ಹೊಡೀಲಿ ಗೋಡೆಗೆ," ಎಂದಳು ಅತ್ತಿಗೆ. ಅವಳು ಕಿಟಕಿಯ ಹತ್ತಿರ ಕೂತು ರಸೀತಿ ಪುಸ್ತಕ ಹೊಲಿಯುತ್ತಿದ್ದಳು. ಎಪ್ಪತ್ತೊಂಬತ್ತಾದರೂ ಸೂಜಿಗೆ ದಾರ ತಾನೇ ಪೋಣಿಸುವಳು. "ನಾನು ಹೋಗೋವರೆಗೆ ಆ ಕಪಾಟು ಅಲ್ಲಾಡಬಾರ್ದು."

"ಅಮ್ಮಾ, ನೀನು ಹೋಗೋದನ್ನ ಕಾಯ್ತಾ ಕೂತ್ರೆ ನನ್ ಕೆಲ್ಸ ಕೆಡುತ್ತೆ."

"ಕಾಯಿ. ನಾನು ಒಂಬತ್ತು ತಿಂಗ್ಳು ಕಾಯ್ಲಿಲ್ವಾ ನಿಂಗೆ?"

ಅಣ್ಣನ ಮಗ ಕೆಟ್ಟವನಲ್ಲ. ಕೊನೆಗೆ ಒಂದು ಕರಾರಿಗೆ ಬಂದ. ಈ ತಿಂಗಳ ಕೊನೆಯೊಳಗೆ ಒಬ್ಬನೇ ಒಬ್ಬ ಗಿರಾಕಿ ತಾನಾಗಿ ಬಂದು, ತನ್ನ ಬಾಯಿಂದಲೇ ಬೀಗರನ್ನು ಕೇಳಿದರೆ ಕಪಾಟು ಇರಲಿ, ಮತ್ತೆ ಆ ಮಾತೆತ್ತುವುದಿಲ್ಲ. ಇಲ್ಲವಾದರೆ ಟೀ ಅಂಗಡಿಗೆ. "ನೀವು ಯಾರ ಕಿವೀಲೂ ಊದಬಾರ್ದು ಚಿಕ್ಕಪ್ಪ," ಎಂದು ಸೇರಿಸಿದ.

ಚಿಕ್ಕಪ್ಪನಿಗೆ ಕಷ್ಟದ ಸ್ಥಿತಿ. ಆ ಅಕ್ಷರ ಯಾರಾದರೂ ಕೇಳಬೇಕು ಅಂದರೆ ಯಾರಾದರೂ ಸಾಯಬೇಕು. ಇಪ್ಪತ್ತೆರಡು ದಿನ ಅವನು ಬೆಳಗ್ಗೆ ಎದ್ದು ಊರಿಗೆಲ್ಲ ಒಳ್ಳೆಯದಾಗಲಿ ಎಂದುಕೊಳ್ಳುವುದು, ತಕ್ಷಣ ನಾಲಿಗೆ ಕಚ್ಚಿಕೊಳ್ಳುವುದು, ಇದೇ ಆಯಿತು.

ಇಪ್ಪತ್ತಮೂರನೆಯ ದಿನ ನಲ್ಲಿ ಸಾಹೇಬರು ಬಂದರು.

ನಲ್ಲಿ ಸಾಹೇಬರೆಂದರೆ ಊರಿನ ನೀರಿನ ಕಚೇರಿಯ ಮುಖ್ಯಸ್ಥರು. ಮೂವತ್ತು ವರ್ಷ ಒಂದೇ ಕುರ್ಚಿ. ಅವರ ಸಹಿ ಬೀಳದೆ ಯಾರ ಮನೆಗೂ ನಲ್ಲಿ ಬರುತ್ತಿರಲಿಲ್ಲ; ಸಹಿ ಬೀಳಬೇಕಾದರೆ ಅರ್ಜಿ ಹಾಕಿದವನ ಮಗ ಅರ್ಜಿ ಬರೆಯುವಷ್ಟು ದೊಡ್ಡವನಾಗಬೇಕಿತ್ತು. ಕೈ ಚಾಚುವವರಲ್ಲ, ಅದೊಂದು ಹೇಳಬೇಕು. ಕಾಯಿಸುವುದೇ ಅವರಿಗೆ ಸಂಬಳದ ಮೇಲಿನ ಸುಖ. ಆ ಭಾನುವಾರ ಅವರು ನಿವೃತ್ತರಾಗುವವರಿದ್ದರು.

"ನನ್ನ ಬೀಳ್ಕೊಡುಗೆ ಸಭೆಗೆ ಭಿತ್ತಿಪತ್ರ ಆಗ್ಬೇಕು," ಎಂದರು.

ಅಣ್ಣನ ಮಗ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದ. "ಫ್ಲೆಕ್ಸ್ ಹಾಕೋಣ ಸಾರ್. ಆಳುದ್ದದ ಫೋಟೋ."

"ಫೋಟೋ ಬೇಡ. ನನ್ನ ಫೋಟೋಗೆ ಈ ಊರವ್ರು ಏನ್ ಮಾಡ್ತಾರೆ ನಂಗೊತ್ತು. ಬೆಳಗಾಗೋದ್ರೊಳಗೆ ಎರಡು ಹಲ್ಲಿಗೆ ಕಪ್ಪು ಬಳೀತಾರೆ." ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿದರು. ದನಿ ಸಣ್ಣಗಾಯಿತು. "ಕಚೇರಿಯೋರು ಎಂಟು ಜನ ಬಿಟ್ರೆ ಯಾರೂ ಬರಲ್ಲ ಅಂತ ನಮ್ಮನೆಯವ್ಳು ಹೇಳ್ತಾಳೆ. ಇನ್ನೂರು ಕುರ್ಚಿ ಹೇಳಿದೀನಿ. ನೋಡಿ, ಯಾರಾದ್ರೂ ಹೋದಾಗ ನೀವೊಂದು ಅಕ್ಷರ ಹಾಕ್ತಿದ್ರಲ್ಲ, ದಪ್ಪಂದು, ಮೀಸೆ ಇರೋದು. ಅದನ್ನ ಕಂಡ್ರೆ ಊರೇ ನಿಲ್ಲುತ್ತೆ. ಸತ್ತೋರಿಗೆ ನಿಲ್ಲೋ ಊರು ಬದುಕಿರೋನಿಗೆ ಯಾಕೆ ನಿಲ್ಲಬಾರ್ದು? ನಂಗೆ ಅದೇ ಬೇಕು."

ಕಿಟಕಿಯಲ್ಲಿ ಅತ್ತಿಗೆಯ ಸೂಜಿ ನಿಂತಿತು. ಅಣ್ಣನ ಮಗ ಚಿಕ್ಕಪ್ಪನ ಮುಖ ನೋಡಿದ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. "ಸಾಹೇಬ್ರೇ, ಆ ಅಕ್ಷರಕ್ಕೆ ಒಂದು ಗುಣ ಇದೆ..."

"ಗುಣ ಇದೆ ಅಂತಾನೇ ಕೇಳ್ತಿರೋದು!"

ಒಮ್ಮೆ ಹೇಳಿಯಾಯಿತು ಎಂದು ಚಿಕ್ಕಪ್ಪ ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ. ಮೂವತ್ತು ವರ್ಷ ಊರಿಗೆಲ್ಲ "ನಾಳೆ ಬನ್ನಿ" ಅಂದ ಮನುಷ್ಯ, ಅವರಿಗೆ ಒಂದೇ ಮಾತನ್ನು ಎರಡು ಸಲ ಯಾಕೆ ಹೇಳಬೇಕು?

ಆದರೂ ಕೈಲಾದದ್ದನ್ನೆಲ್ಲ ಮಾಡಿದ. ಕಪ್ಪು ಗೆರೆ ಕಟ್ಟಲಿಲ್ಲ. ಮಸಿ ಹಸಿರು, ಎಳೇ ಬಾಳೆಯೆಲೆಯ ಹಸಿರು. ನಾಲ್ಕು ಮೂಲೆಗೆ ಒಂದೊಂದು ಹೂವಿನ ಅಚ್ಚು. ಹೆಸರು ಐದಕ್ಷರ, ಇರುವ ಎರಡು ಮ-ಗಳೂ ಬೇಕಾದವು. ಕೆಳಗೆ ಸಣ್ಣಕ್ಷರದಲ್ಲಿ ಸಭೆಯ ದಿನ, ಹೊತ್ತು, "ಎಲ್ಲರೂ ಬನ್ನಿ". ಹಿಡಿ ಎಳೆದು ಮೊದಲ ಕಾಗದ ಎತ್ತಿದಾಗ ಸಾಹೇಬರ ಹೆಸರು ಹೊಟ್ಟೆ ಮುಂದೆ ಮಾಡಿಕೊಂಡು, ಮೀಸೆ ತಿರುವಿ, ಬೂಟುಗಾಲಿನಲ್ಲಿ ನಿಂತಿತ್ತು.

"ಹಸಿರು ಹಾಕಿದ್ರೆ ಬೀಗರು ಮದುವೆಗೆ ಬಂದಂಗಾಗುತ್ತಾ?" ಎಂದಳು ಅತ್ತಿಗೆ. "ನೋಡ್ತಿರು."

ಶುಕ್ರವಾರ ಸಂಜೆ ಕಾಗದಗಳು ಗೋಡೆ ಸೇರಿದವು. ಶನಿವಾರ ಬೆಳಗ್ಗೆ ಚಿಕ್ಕಪ್ಪ ಟೀ ಕುಡಿಯಲು ಹೋದರೆ ಟೀ ಅಂಗಡಿಯವನು ಬಾಗಿಲು ಅರ್ಧ ಎಳೆಯುತ್ತಿದ್ದ.

"ಎಲ್ಲಿಗೆ?"

"ಇನ್ನೆಲ್ಲಿಗೆ? ನಲ್ಲಿ ಸಾಹೇಬ್ರು ಹೋದ್ರಲ್ಲ. ಒಂದ್ಸಲ ಮುಖ ನೋಡ್ಕೊಂಡು ಬರ್ತೀನಿ."

ಚಿಕ್ಕಪ್ಪ ಅವನ ಬಾಗಿಲು ಹಿಡಿದು ನಿಲ್ಲಿಸಿದ. "ಲೋ, ಅದು ಹಸಿರು ಮಸಿ ಕಣೋ! ಕಾಣ್ಸಲಿಲ್ವಾ ನಿಂಗೆ?"

"ಕಾಣ್ಸದೆ ಏನು. ಕರೀ ಮಸಿ ಮುಗ್ದಿರ್ಬೇಕು ಅಂದ್ಕೊಂಡೆ."

ಚಿಕ್ಕಪ್ಪ ಓಡಿದ. ಆ ವಯಸ್ಸಿನಲ್ಲಿ ಓಡುವುದು ಅಂದರೆ ಎಷ್ಟೋ ಅಷ್ಟು. ಸಾಹೇಬರ ಮನೆಯ ಬೀದಿ ತುಂಬ ಚಪ್ಪಲಿ. ಅಂಗಳದಲ್ಲಿ ನೂರಕ್ಕೆ ಕಡಿಮೆಯಿಲ್ಲದ ಜನ. ಸಾಹೇಬರ ಹೆಂಡತಿ ಬಾಗಿಲ ಮೆಟ್ಟಿಲ ಮೇಲೆ ನಿಂತು ಕೈಯಾಡಿಸುತ್ತಿದ್ದಳು.

"ಅಯ್ಯೋ, ಏನೂ ಆಗಿಲ್ಲ ಕಣ್ರೀ! ಚೆನ್ನಾಗಿದಾರೆ! ಈಗ್ತಾನೆ ತಿಂಡಿ ತಿಂದ್ರು!"

"ಪಾಪ," ಎಂದಳು ಸೊಪ್ಪು ಮಾರುವವಳು ಪಕ್ಕದವಳಿಗೆ. "ಇನ್ನೂ ನಂಬಿಕೆ ಬಂದಿಲ್ಲ. ನೀರು ಕುಡಿಸ್ರೇ ಯಾರಾದ್ರೂ."

ಚಿಕ್ಕಪ್ಪ ಹಿತ್ತಲಿನಿಂದ ಒಳಗೆ ನುಗ್ಗಿದ. ಬಚ್ಚಲ ಬಾಗಿಲ ಮರೆಯಲ್ಲಿ ಸಾಹೇಬರು ನಿಂತಿದ್ದರು. ನಾಳೆಯ ಸಭೆಗಾಗಿ ತಲೆಗೆ ಕಪ್ಪು ಹಚ್ಚಿದ್ದರು. ಕೊರಳಿಗೆ ಹಳೇ ಟವೆಲ್ಲು, ಹಣೆಯ ಮೇಲೆ ಎರಡು ಕಪ್ಪು ಗೆರೆ ಇಳಿಯುತ್ತಿತ್ತು. ಆ ಅವಸ್ಥೆಯಲ್ಲಿ ಹೊರಗೆ ಹೋಗುವ ಹಾಗಿರಲಿಲ್ಲ. ಹೋಗುವ ಮನಸ್ಸೂ ಇದ್ದಂತೆ ಕಾಣಲಿಲ್ಲ.

"ಸಾಹೇಬ್ರೇ, ತಪ್ಪಾಗೋಯ್ತು, ನಾನು ಅವತ್ತೇ ಬಿಡಿಸಿ ಹೇಳ್ಬೇಕಿತ್ತು..."

ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು. "ಷ್. ಸ್ವಲ್ಪ ಇರಿ. ಆ ಸೊಪ್ಪಿನವ್ಳು ನನ್ ಬಗ್ಗೆ ಏನೋ ಹೇಳ್ತಿದಾಳೆ."

ಸೊಪ್ಪಿನವಳು ಹೇಳುತ್ತಿದ್ದಳು: "ಏಳು ವರ್ಷ ಓಡಾಡಿಸಿದ್ರು ನನ್ನ. ಆದ್ರೆ ಒಂದಿನ ಆದ್ರೂ ಏಕವಚನದಲ್ಲಿ ಮಾತಾಡಿಸ್ಲಿಲ್ಲ. ನಾಳೆ ಬನ್ನಿ ಅಮ್ಮ, ನಾಳೆ ಬನ್ನಿ ಅಮ್ಮ. ಇನ್ನು ಯಾರು ಹಂಗೆ ಕರೀತಾರೆ ನನ್ನ?"

ಇನ್ನೊಬ್ಬರು ಸಾಹೇಬರ ಕೈ ಶುದ್ಧ ಎಂದರು. ಟೀ ಅಂಗಡಿಯವನು ಕೋಪ ಇದ್ದರೂ ಮನಸ್ಸು ಬೆಣ್ಣೆ ಎಂದ, ಆ ಮನಸ್ಸನ್ನು ಅವನು ಯಾವಾಗ ನೋಡಿದ್ದನೋ. ಸಾಹೇಬರು ಬಾಗಿಲಿಗೆ ಕಿವಿ ಒತ್ತಿ ಕೇಳುತ್ತ ನಿಂತರು. ಕಣ್ಣಿನಿಂದ ನೀರು ಇಳಿಯಿತು. ಹಣೆಯ ಕಪ್ಪೂ ಅದಕ್ಕೆ ಜೊತೆಯಾಗಿ ಇಳಿಯಿತು. ಅರ್ಧ ಗಂಟೆ ಆ ಮನುಷ್ಯ ತಾನೇ ಕಾದ, ಬಹುಶಃ ಜೀವನದಲ್ಲಿ ಮೊದಲ ಸಲ.

ಕೊನೆಗೆ ಹೆಂಡತಿ ಒಳಗೆ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಮೆಟ್ಟಿಲ ಮೇಲೆ ನಿಲ್ಲಿಸಿದಳು. ಸತ್ತವನು ಎದ್ದು ಬಂದರೂ ಪರವಾಗಿಲ್ಲ, ಕೂದಲು ಕಪ್ಪಾಗಿಸಿಕೊಂಡು ಬರುವುದೆಂದರೆ! ಆಮೇಲೆ ಶುರುವಾಯಿತು ಗದ್ದಲ. ತಲೆ ತಪ್ಪಿಸಿಕೊಂಡು ಹೋದವರು ಹೋದರು. ಸೊಪ್ಪಿನವಳು ಮಾತ್ರ ಸೊಂಟದ ಮೇಲೆ ಕೈಯಿಟ್ಟಳು.

"ಅಲ್ರೀ ಸಾಹೇಬ್ರೇ, ಇದ್ರೂ ಇಲ್ದಂಗೆ ಒಳಗೆ ನಿಂತು ಕೇಳಿಸ್ಕೊಂಡ್ರಾ? ನಾನು ಹೇಳಿದ್ದೆಲ್ಲ ವಾಪಸ್ಸು. ಒಂದು ಮಾತೂ ಇಟ್ಕೋಬೇಡಿ!"

"ಇಟ್ಕೊಂಡಾಯ್ತಮ್ಮ," ಎಂದರು ಸಾಹೇಬರು. "ವಾಪಸ್ಸು ಬೇಕಾದ್ರೆ ಅರ್ಜಿ ಹಾಕಿ. ನಾಳೆ ಬನ್ನಿ."

ಮಾರನೆಯ ದಿನ ಇನ್ನೂರು ಕುರ್ಚಿ ಸಾಲಲಿಲ್ಲ. ತನ್ನ ಸಾವಿನ ಮಾತನ್ನು ತಾನೇ ಕೇಳಿಸಿಕೊಂಡ ಮನುಷ್ಯನನ್ನು ನೋಡಲು ಪಕ್ಕದ ಊರಿನಿಂದಲೂ ಬಂದಿದ್ದರು.

ಕಪಾಟು ಉಳಿಯಿತು. ಚಿಕ್ಕಪ್ಪ ಆ ದಿನ ಅತ್ತಿಗೆಯ ಎದುರು ಕೂತು ಎರಡು ಲೋಟ ಟೀ ಕುಡಿದ. "ನಿಮಗೆ ಕೊಟ್ಟ ಮಾತು ಉಳೀತು ಅತ್ತಿಗೆ," ಎಂದ.

"ಅದು ಉಳೀಬೇಕಾದ್ರೆ ನಾನಿನ್ನೂ ಹೋಗ್ಬೇಕಲ್ಲೋ. ಅವಸರ ಮಾಡ್ಬೇಡ."

ಆದರೆ ಸೋಮವಾರದಿಂದ ಅಚ್ಚುಕೂಟಕ್ಕೆ ಹೊಸ ಸಮಸ್ಯೆ ಬಂತು: ಗಿರಾಕಿಗಳು. ಮೊದಲು ಬಂದವರು ಶಾಲೆಯ ಮುಖ್ಯೋಪಾಧ್ಯಾಯರು. ಅವರಿಗೂ ನಿವೃತ್ತಿಯಂತೆ, ಅವರಿಗೂ ಅದೇ ಅಕ್ಷರವಂತೆ. ಆಮೇಲೆ ವ್ಯಾಪಾರಿಗಳ ಸಂಘದ ಅಧ್ಯಕ್ಷರು, ಅರವತ್ತನೆಯ ಹುಟ್ಟುಹಬ್ಬ. ತಾವು ಸತ್ತರೆ ಜನ ಏನನ್ನುತ್ತಾರೆ ಎಂದು ತಿಳಿಯುವ ಆಸೆ ಇಷ್ಟು ಜನಕ್ಕಿದೆ ಎಂದು ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಎರಡನೆಯವರ ಮನೆಗೂ ನಲವತ್ತು ಜನ ಅಳುತ್ತ ಹೋದರು. ಮೂರನೆಯವರ ಮನೆಗೆ ಹತ್ತು. ಐದನೆಯವರ ಮನೆಗೆ ಯಾರೂ ಹೋಗಲಿಲ್ಲ, ಊರು ಕಲಿತುಕೊಂಡಿತ್ತು. ಅಷ್ಟರಲ್ಲಿ ಬೀಗರಕ್ಷರ ಅಂದರೆ ಹೊಸ ಬೆಡಗು ಎಂದಾಗಿ ಬಟ್ಟೆ ಅಂಗಡಿ, ಹೋಟೆಲಿನ ಉದ್ಘಾಟನೆ, ಕೊನೆಗೆ ಸೋಫಾ ರಿಯಾಯಿತಿ ಮಾರಾಟ. ಅಣ್ಣನ ಮಗ ಬಾಗಿಲಿಗೆ ಬೋರ್ಡು ಬರೆಸಿ ತೂಗುಹಾಕಿದ: ಬೀಗರಕ್ಷರ ಇಲ್ಲಿ ಮಾತ್ರ.

ಐವತ್ತು ವರ್ಷ ತಿಂಗಳಿಗೆ ಹೆಚ್ಚೆಂದರೆ ನಾಲ್ಕು ಸಲ ಹೊರಗೆ ಬರುತ್ತಿದ್ದ ಬೀಗರು ಈಗ ದಿನವೂ ದುಡಿದರು. ಮೀಸೆಯ ತುದಿ ಸವೆಯಿತು. ಪಾದದ ಅಂಚು ಮೊಂಡಾಯಿತು. ಗಿರಣಿಯವರ ಕಾಲದಿಂದ ಹೊಟ್ಟೆಯ ಮೇಲೆ ಒಂದು ಗೀರು ಹೊತ್ತುಕೊಂಡಿದ್ದ ಮ, ಸೋಫಾ ಮಾರಾಟದ ಎಂಟುನೂರನೆಯ ಕಾಗದಕ್ಕೆ ಕುತ್ತಿಗೆಯಲ್ಲಿ ಮುರಿಯಿತು. ಆ ಅಕ್ಷರ ಎಷ್ಟು ಜನರ ಹೆಸರಿನಲ್ಲಿ ನಿಂತಿತ್ತು ಎಂದು ಚಿಕ್ಕಪ್ಪನಿಗೆ ಲೆಕ್ಕ ಬೇಕಿರಲಿಲ್ಲ, ಹೆಸರುಗಳೇ ನೆನಪಿದ್ದವು. ಎರಡು ತುಂಡನ್ನೂ ಒರೆಸಿ ಕಪಾಟಿನ ಮೂಲೆಯಲ್ಲಿಟ್ಟ. ಇನ್ನು ಉಳಿದದ್ದು ಒಂದೇ ಮ.

ಅತ್ತಿಗೆ ಹಾಸಿಗೆ ಹಿಡಿದಿದ್ದಳು. ಅವಳ ಕಿಟಕಿಗೆ ಎದುರು ಗೋಡೆಯ ಮೇಲಿನ ಸೋಫಾ ಕಾಗದ ಕಾಣುತ್ತಿತ್ತು.

"ಸೋಫಾ ಯಾವಾಗ ತೀರ್ಕೊಳ್ತು?" ಎಂದಳು ಒಂದು ಮಧ್ಯಾಹ್ನ.

ಚಿಕ್ಕಪ್ಪ ಎದ್ದು ಕಿಟಕಿಯ ಬಾಗಿಲು ಅರ್ಧ ಮುಚ್ಚಿದ.

"ಬೀಗರನ್ನ ಬೀದಿಗೆ ಬಿಟ್ಟೆಯಲ್ಲೋ ಮೈದುನಾ."

"ನಿಮಗೋಸ್ಕರ ಉಳಿಸ್ಕೊಂಡೆ ಅತ್ತಿಗೆ."

"ಗೊತ್ತು ಕಣೋ," ಎಂದಳು. ಅದನ್ನು ಬೈಗುಳದ ದನಿಯಲ್ಲಿ ಹೇಳಲಿಲ್ಲ.

ಅದಾದ ಒಂಬತ್ತನೆಯ ದಿನ, ಬೆಳಗ್ಗೆ ಐದೂವರೆಗೆ, ಅವಳು ಹೋದಳು.

ಚಿಕ್ಕಪ್ಪ ಅಳಲಿಲ್ಲ, ಕೆಲಸವಿತ್ತು. ಕಪಾಟು ತೆಗೆದು ನಾಲ್ಕು ಬೀಗರನ್ನು ಆರಿಸಿದ. ಮೊದಲನೆಯದಕ್ಕೆ ಕೊಂಬು, ಕೊನೆಯದು ಮ, ಅದಕ್ಕೆ ಒಂದು ಒತ್ತು. ಒಂದೊಂದನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಸವೆದ ಅಂಚಿನ ಕೆಳಗೆ ಕಾಗದದ ಚೂರು ಕೊಟ್ಟು ಸಮ ಮಾಡಿದ. ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಸುತ್ತ ಕಪ್ಪು ಗೆರೆ ಕಟ್ಟಿ, ಅಪ್ಪಟ ಕರೀ ಮಸಿ ಹಚ್ಚಿದ. ಹಿಡಿ ಎಳೆದಾಗ ಅತ್ತಿಗೆಯ ಹೆಸರು ಬಂತು. ಗಂಡನದರಷ್ಟೇ ನೆಟ್ಟಗೆ. ಎಂಟು ಗಂಟೆಗೆ ಅಣ್ಣನ ಮಗ ಊರೆಲ್ಲ ಅಂಟಿಸಿ ಬಂದ.

ಹತ್ತಾಯಿತು. ಅಕ್ಕಪಕ್ಕದ ಎರಡು ಮನೆಯವರು ಬಂದಿದ್ದರು. ಹತ್ತೂವರೆಗೆ ನಲ್ಲಿ ಸಾಹೇಬರು ಬಂದರು, ಈಗ ಕೂದಲು ಪೂರ್ತಿ ಬೆಳ್ಳಗೆ, ಅಂಗಳದ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತರು. ಹನ್ನೊಂದಾದರೂ ಇನ್ನೊಬ್ಬರಿಲ್ಲ. ಹೊರುವುದಕ್ಕೂ ಜನ ಸಾಲದು. ಐವತ್ತು ವರ್ಷ ಈ ಊರಿನ ಪ್ರತಿ ಹೆಣದ ಮನೆಗೂ ಹೋಗಿ ಬಂದವಳು ಅವಳು.

ಚಿಕ್ಕಪ್ಪ ತಡೆಯಲಾರದೆ ಸಂತೆಯ ಮೂಲೆಗೆ ಹೋದ. ಕಾಗದ ಇತ್ತು. ಜನ ದೂರದಿಂದ ನೋಡಿ, ನೋಡಿದಷ್ಟೇ ಬೇಗ ಕಣ್ಣು ಬೇರೆ ಕಡೆ ತಿರುಗಿಸಿ ಹೋಗುತ್ತಿದ್ದರು. ಸೊಪ್ಪಿನವಳು ಅಲ್ಲಿಂದಲೇ ಕೂಗಿದಳು.

"ಏನ್ ಚಿಕ್ಕಪ್ಪ, ಅತ್ತಿಗೆಗೆ ಎಂಬತ್ತು ತುಂಬ್ತಾ? ಜೋರಾಗಿದೆ ನಿಮ್ಮನೇಲಿ! ಸಂಜೆ ಬರ್ತೀನಿ ಬಿಡಿ."

ಚಿಕ್ಕಪ್ಪ ಕಾಗದದ ಮೇಲೆ ಬೆರಳಿಟ್ಟ. "ಕರೀ ಮಸಿ ಅಮ್ಮಾ ಅದು. ಕಾಣ್ಸಲಿಲ್ವಾ?"

"ಕಾಣ್ಸದೆ ಏನು. ಬಣ್ಣದ್ದು ಮುಗ್ದಿರ್ಬೇಕು ಅಂದ್ಕೊಂಡೆ."

ಆಮೇಲೆ ಅವನ ಮುಖ ನೋಡಿದಳು. ತಕ್ಕಡಿಯನ್ನು ಕೈಯಿಂದ ಬಿಟ್ಟಳು.

ಚಿಕ್ಕಪ್ಪ ಅಚ್ಚುಕೂಟಕ್ಕೆ ಹಿಂದಿರುಗಿ, ಸೀಸದ ಮೊಳೆಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ತೆಗೆದ. ಔಷಧಿ ಡಬ್ಬಿಯ ಹಿಂದೆ ಹಾಕುವಂಥದ್ದು. ಮೂರು ಸಾಲು ಜೋಡಿಸಿ, ಅಂಗೈಯಗಲದ ಚೀಟಿಗಳಲ್ಲಿ ಅಚ್ಚು ಹಾಕಿದ. ಹಂಚುವವರು ಯಾರು ಎಂದು ನೋಡುವಷ್ಟರಲ್ಲಿ ಹಿಂದೆಯೇ ಬಂದಿದ್ದ ನಲ್ಲಿ ಸಾಹೇಬರು ಕೈ ಚಾಚಿದರು.

"ಕೊಡಿ ಇಲ್ಲಿ. ಈ ಊರಿನ ಒಂದೊಂದು ಮನೇನೂ ನಂಗೊತ್ತು. ಯಾರ ಅರ್ಜಿ ಯಾವಾಗಿಂದು ಅಂತಾನೂ ಗೊತ್ತು."

ಸಾಹೇಬರು ಮನೆ ಮನೆ ಹೊಕ್ಕರು. ನಿವೃತ್ತರಾದರೇನು, ನಲ್ಲಿ ಸಾಹೇಬರು ಚೀಟಿ ಹಿಡಿದು ಬಾಗಿಲಿಗೆ ಬಂದರೆ ಯಾರ ಎದೆಯೂ ಒಮ್ಮೆ ಝಲ್ ಎನ್ನುತ್ತಿತ್ತು. ನೀರು ನಿಂತಿತೇ, ನಲ್ಲಿ ಕಿತ್ತರೇ ಎಂದು ಕನ್ನಡಕ ಹುಡುಕಿ, ಬೆಳಕಿಗೆ ಬಂದು, ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಬಿಡದೆ ಓದಿದರು. ಓದಿದವರು ನಂಬಿದರು. ಇಷ್ಟು ಸಣ್ಣಕ್ಷರದಲ್ಲಿ ಸುಳ್ಳು ಹೇಳುವವರು ಯಾರಿದ್ದಾರೆ?

ಎರಡು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಚಪ್ಪಲಿ ಇಡಲು ಜಾಗವಿರಲಿಲ್ಲ. ಟೀ ಅಂಗಡಿಯವನು ಬಣ್ಣದ ಕಾಗದ ಸುತ್ತಿದ ಒಂದು ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಬೆಳಗ್ಗೆ ಭಿತ್ತಿಪತ್ರ ನೋಡಿ ಕೊಂಡದ್ದಂತೆ. ಎಲ್ಲಿಡುವುದು ತಿಳಿಯದೆ ಕೊನೆಯವರೆಗೂ ಹಿಡಿದುಕೊಂಡೇ ನಡೆದ. ಅತ್ತಿಗೆ ಇದ್ದಿದ್ದರೆ ಅದರ ಬಗ್ಗೆ ಒಂದು ವಾರ ಮಾತಾಡುತ್ತಿದ್ದಳು.

ಹದಿನೈದು ದಿನ ಕಳೆದು ಅಣ್ಣನ ಮಗ ಅಚ್ಚುಕೂಟ ತೆರೆದ. ಹಿಂದಿನ ಮೇಜಿನ ಮೇಲೆ ಅತ್ತಿಗೆಯ ಹೆಸರು ಇನ್ನೂ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದ ಹಾಗೇ ಇತ್ತು. ಕೆಲಸ ಮುಗಿದ ಮೇಲೆ ಚೌಕಟ್ಟು ಬಿಚ್ಚಿ ಅಕ್ಷರಗಳನ್ನು ಕಪಾಟಿಗೆ ಸೇರಿಸುವುದು ಪದ್ಧತಿ. ಚಿಕ್ಕಪ್ಪ ಐವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ.

"ಚಿಕ್ಕಪ್ಪ, ಬಟ್ಟೆ ಅಂಗಡಿಯೋರು ಬಂದಿದಾರೆ. ಮಾರಾಟ ಮೇಳ ಅಂತೆ. ಬೀಗರಲ್ಲೇ ಬೇಕಂತೆ."

"ಎರಡು ಮ ಬೇಕು ಅದಕ್ಕೆ. ಇರೋದು ಒಂದು," ಎಂದ ಚಿಕ್ಕಪ್ಪ.

"ಬರೀ ಮಾರಾಟ ಅಂತ ಹಾಕೋಣ. ಅದೊಂದು ಬಿಚ್ಚಿ ಕೊಡಿ."

ಚಿಕ್ಕಪ್ಪ ಎದ್ದು ಹೋಗಿ ಚೌಕಟ್ಟಿನ ಮೇಲೆ ಬೆರಳಾಡಿಸಿದ. ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. "ಮಸಿ ಇನ್ನೂ ಆರಿಲ್ಲಪ್ಪ," ಎಂದ.

ಅಣ್ಣನ ಮಗನೂ ಬಂದು ಮುಟ್ಟಿ ನೋಡಿದ. ಕಲ್ಲಿನ ಹಾಗೆ ಒಣಗಿತ್ತು. ಅಮ್ಮನ ಹೆಸರು ಹಿಂದುಮುಂದಾಗಿತ್ತು, ಅವನಿಗೆ ಓದಲು ತಡವಾಯಿತು. ಆಮೇಲೆ ಬಾಗಿಲಿಗೆ ಹೋಗಿ ಬಟ್ಟೆ ಅಂಗಡಿಯವರಿಗೆ ಹೇಳಿದ: "ಬೀಗರು ಸಿಗಲ್ಲ ಸಾರ್. ಊರಲ್ಲಿಲ್ಲ. ಫ್ಲೆಕ್ಸ್ ಮಾಡಿಕೊಡ್ತೀನಿ, ಬನ್ನಿ."

ಅದಾಗಿ ಎರಡು ವರ್ಷ. ಮ ಇಲ್ಲದೆ ಈ ಊರಿನಲ್ಲಿ ಯಾರ ಹೆಸರನ್ನೂ, ಯಾವ ಮಾರಾಟವನ್ನೂ ದಪ್ಪಗೆ ಹೇಳುವಂತಿಲ್ಲ; ಹೀಗಾಗಿ ಬೀಗರ ಕಪಾಟು ಅಲ್ಲಾಡದೆ ಅಲ್ಲೇ ಇದೆ. ಜೆರಾಕ್ಸ್ ಮಿಷನ್ನು ಕಿಟಕಿಯ ಹತ್ತಿರ ಅತ್ತಿಗೆಯ ಜಾಗದಲ್ಲಿ ಕೂತಿದೆ. ಗಿರಾಕಿಗಳು ಅಪರೂಪಕ್ಕೆ ಕೇಳುತ್ತಾರೆ. ಚಿಕ್ಕಪ್ಪ ಎದ್ದು ಹೋಗುತ್ತಾನೆ, ಚೌಕಟ್ಟು ಮುಟ್ಟಿ ನೋಡುತ್ತಾನೆ, ಬೆರಳು ಬೆಳಕಿಗೆ ಹಿಡಿಯುತ್ತಾನೆ.

"ನಾಳೆ ಬನ್ನಿ," ಎನ್ನುತ್ತಾನೆ.